ಖದೀಜಾರ(ರ) ಸಂಪತ್ತು ಮತ್ತು ನಮ್ಮ ಲೆಕ್ಕ



ಹಝ್ರತ್ ಖದೀಜಾ(ರ) ಎಂದೊಡನೆ ನಿಮಗೇನು ನೆನಪಾಗುತ್ತದೆ? ಪ್ರವಾದಿವರ್ಯರ(ಸ) ಪತ್ನಿ, ಮೊತ್ತಮೊದಲು ವಿಶ್ವಾಸವಿರಿಸಿದವರು, ತಮ್ಮ ಸಂಪತ್ತನ್ನು ಸತ್ಯಧರ್ಮಕ್ಕಾಗಿ ವ್ಯಯಿಸಿದ ತ್ಯಾಗಮಯಿ. ಇವೆಲ್ಲ ನಿಜ. ಆದರೆ ಆ ಸಂಪತ್ತು ಅವರ ಕೈಯಲ್ಲಿ ಉಳಿದು ಬೆಳೆದದ್ದು ಹೇಗೆಂದು ನಾವು ಯೋಚಿಸುವುದು ಕಡಿಮೆ.

ಖದೀಜಾ(ರ) ಕುರೈಶರ ಅಸದ್ ಮನೆತನದ ಖುವೈಲಿದ್‌ರ ಮಗಳು. ವಿಧವೆಯಾಗಿದ್ದರು. ಸತ್ತವನ ಪತ್ನಿಯನ್ನೇ ಸೊತ್ತಿನಂತೆ ವಾರೀಸುದಾರರು ವಶಪಡಿಸಿಕೊಳ್ಳುವ ರೂಢಿ ಅರಬರಲ್ಲಿದ್ದ ಕಾಲವದು. ಅಂಥ ಕಾಲದಲ್ಲಿ ಅವರು ತಮ್ಮ ಬಂಡವಾಳದ ಒಡತಿಯಾಗಿ ನಿಂತರು.

ಮಕ್ಕಾದ ಬರಡು ನೆಲದಲ್ಲಿ ಬೆಳೆಯಿಲ್ಲ. ಚಳಿಗಾಲದಲ್ಲಿ ಯಮನ್‌ಗೆ, ಬೇಸಿಗೆಯಲ್ಲಿ ಸಿರಿಯಾಕ್ಕೆ ಹೊರಡುವ ವರ್ತಕರ ತಂಡಗಳೇ ಜೀವನಾಧಾರ. ಖದೀಜಾ(ರ) ಬಂಡವಾಳ ಕೊಟ್ಟು, ಲಾಭದಲ್ಲಿ ಇಂತಿಷ್ಟು ಪಾಲೆಂದು ಮೊದಲೇ ನಿಶ್ಚಯಿಸಿ, ಇತರರಿಂದ ವ್ಯಾಪಾರ ಮಾಡಿಸುತ್ತಿದ್ದರು. ಇದನ್ನೇ ನಮ್ಮ ಫಿಕ್ಹ್ ಗ್ರಂಥಗಳು ಮುದಾರಬಾ ಎನ್ನುತ್ತವೆ. ಇದರಲ್ಲಿ ನಷ್ಟವಾದರೆ ದುಡಿದವನಿಗೆ ಶ್ರಮ ವ್ಯರ್ಥ, ಹಣ ಹೋಗುವುದು ಬಂಡವಾಳ ಹಾಕಿದವರದ್ದು. ಆದ್ದರಿಂದ ಯಾರ ಕೈಗೆ ಕೊಡಬೇಕೆಂಬ ವಿವೇಕವೇ ಇಲ್ಲಿ ಮುಖ್ಯ.

ಯುವಕ ಮುಹಮ್ಮದ್‌ರ(ಸ) ಸತ್ಯಸಂಧತೆಯನ್ನು ಕೇಳಿ ತಿಳಿದು ಅವರೇ ಹೇಳಿ ಕಳುಹಿಸಿದರು. ಇತರರಿಗಿಂತ ಹೆಚ್ಚಿನ ಪ್ರತಿಫಲ ಕೊಡಲು ಒಪ್ಪಿದರು. ಜೊತೆಗೆ ತಮ್ಮ ಸೇವಕ ಮೈಸರಾನನ್ನೂ ಸಿರಿಯಾಕ್ಕೆ ಕಳುಹಿಸಿದರು. ಸರಕು ಒಳ್ಳೆಯ ಲಾಭ ತಂದಿತು. ಮೈಸರಾ ಕಂಡದ್ದನ್ನೆಲ್ಲ ಒಡತಿಗೆ ವರದಿ ಮಾಡಿದ. ಬಳಿಕ ವಿವಾಹದ ಪ್ರಸ್ತಾಪವೂ ಅವರ ಕಡೆಯಿಂದಲೇ ಹೋಯಿತು. ಸುಮಾರು ಕ್ರಿ.ಶ. 595ರಲ್ಲಿ ನಡೆದ ಈ ವಿವಾಹದ ವೇಳೆ ಪ್ರವಾದಿವರ್ಯರಿಗೆ(ಸ) 25 ವರ್ಷ.

610ರಲ್ಲಿ ದಿವ್ಯವಾಣಿ ಇಳಿಯತೊಡಗಿತು. ಕೆಲವೇ ವರ್ಷಗಳಲ್ಲಿ ಕುರೈಶರು ಹಾಶಿಮ್ ವಂಶಕ್ಕೆ ಬಹಿಷ್ಕಾರ ಹಾಕಿ ಕೊಡುಕೊಳ್ಳುವಿಕೆಯನ್ನೇ ನಿಲ್ಲಿಸಿದರು. ಒಂದು ಕಾಲಕ್ಕೆ ಸಿರಿಯಾದವರೆಗೆ ಸರಕು ಕಳುಹಿಸಿದ ಆ ಮಹಿಳೆಗೆ ಸೋದರನ ಮಗ ಹಕೀಮ್ ಗುಟ್ಟಾಗಿ ಗೋಧಿ ಒಯ್ಯಬೇಕಾದ ಸ್ಥಿತಿ ಬಂತು. ಅವರು ಕದಲಲಿಲ್ಲ. 619ರಲ್ಲಿ, ಬಹಿಷ್ಕಾರ ಮುಗಿದ ಕೆಲಕಾಲದಲ್ಲೇ, ಇಹಲೋಕ ತ್ಯಜಿಸಿದರು.

ಸಹೋದರಿಯರೇ, ಇಲ್ಲೊಂದು ಮಾತನ್ನು ಗಮನಿಸಿ. ಖದೀಜಾರ(ರ) ತ್ಯಾಗ ದೊಡ್ಡದಾದದ್ದು ಕೊಡುವ ನಿರ್ಧಾರ ಅವರದೇ ಆಗಿದ್ದರಿಂದ. ತನ್ನ ಹಿಡಿತದಲ್ಲಿಲ್ಲದ್ದನ್ನು ಯಾರೂ ದಾನ ಮಾಡಲಾರರು. ತಿಳಿಯದೆ ಕಳೆದುಕೊಂಡದ್ದು ತ್ಯಾಗವಾಗದು.

ಅವರ ನಿಧನಾನಂತರ ಮದೀನಾದಲ್ಲಿ ಅವತೀರ್ಣವಾದ ಅನ್ನಿಸಾ ಅಧ್ಯಾಯವು ಮಹ್ರ್ ವಧುವಿನದ್ದೆಂದೂ ಹೆತ್ತವರ ಆಸ್ತಿಯಲ್ಲಿ ಮಗಳಿಗೂ ಪಾಲಿದೆಯೆಂದೂ ಖಚಿತಪಡಿಸಿತು. ಸಾಲದ ವ್ಯವಹಾರವನ್ನು ಬರೆದಿಡಲು ಅಲ್‌ಬಕರ ಅಧ್ಯಾಯವು ಆದೇಶಿಸಿತು. ಆದರೆ ಹಕ್ಕಿದ್ದರೆ ಸಾಲದು, ಅದರ ಲೆಕ್ಕವೂ ತಿಳಿದಿರಬೇಕು.

ನಿಮ್ಮ ಮಹ್ರ್ ಎಷ್ಟು, ಈಗ ಎಲ್ಲಿದೆ? ಬ್ಯಾಂಕಿನ ಪಾಸ್‌ಬುಕ್ಕನ್ನು ನೀವೇ ಓದಬಲ್ಲಿರಾ? ಸೋದರರು ಮುಂದಿಟ್ಟ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಿದ್ದೀರಾ? ನಿಸಾಬ್ ತಲುಪಿದ ಸಂಪತ್ತಿನ ಝಕಾತ್‌ಗೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನೀವೇ. ಎಷ್ಟಿದೆಯೆಂದೇ ತಿಳಿಯದಿದ್ದರೆ ನಲವತ್ತರಲ್ಲೊಂದು ಪಾಲನ್ನು ತೆಗೆಯುವುದು ಹೇಗೆ?

ಮಗಳಿಗೆ ಖದೀಜಾ ಎಂದು ಹೆಸರಿಡುವ ನಾವು, ಆಕೆಗೆ ಕೂಡುವ, ಕಳೆಯುವ ಲೆಕ್ಕವನ್ನೂ ಕಲಿಸೋಣ. ಇಂದು ರಾತ್ರಿಯೇ ಮನೆಯ ಖರ್ಚನ್ನು ಆಕೆಯ ಕೈಯಿಂದ ಬರೆಸಿ ನೋಡಿ.