ಇಂದಿನ ಧಮ್ಮ ಚಿಂತನೆ: ಹುಟ್ಟಿನಿಂದ ಮನುಷ್ಯರನ್ನು ಅಳೆಯದ ವೈದ್ಯ





ಇಂದು ನಾನು ನಿಮ್ಮ ಮುಂದಿಡುತ್ತಿರುವುದು ಬೌದ್ಧರಲ್ಲದ, ನಮ್ಮ ದೇಶದವರೂ ಅಲ್ಲದ ಒಬ್ಬ ವೈದ್ಯರ ಬದುಕು. ಹೆಸರು ಲಯನಲ್ ಪೆನ್ರೋಸ್. ಮಾನವ ತಳಿವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಹುಟ್ಟನ್ನೇ ಮುಂದೆ ಮಾಡಿ ಮನುಷ್ಯರನ್ನು ಮೇಲು, ಕೀಳು ಎಂದು ವಿಂಗಡಿಸಲು ವಿಜ್ಞಾನದ ಹೆಸರು ಬಳಸುತ್ತಿದ್ದ ಕಾಲ ಅದು. ಅದೇ ವಿಜ್ಞಾನವನ್ನು ಕೈಯಲ್ಲಿ ಹಿಡಿದು ಅದಕ್ಕೆ ಎದುರು ನಿಂತವರು ಇವರು. ಅದಕ್ಕಾಗಿಯೇ ನಾವು ಇವರನ್ನು ತಿಳಿಯಬೇಕು.

ಪೆನ್ರೋಸ್ ಹುಟ್ಟಿದ್ದು 1898ರ ಜೂನ್ 11ರಂದು, ಲಂಡನ್ನಿನಲ್ಲಿ. ಮನೆತನ ಕ್ವೇಕರ್ ಪಂಥದ್ದು. ಕ್ವೇಕರರು ಕ್ರೈಸ್ತರೇ, ಆದರೆ ಅವರ ಪ್ರಾರ್ಥನಾ ಸಭೆ ಮೌನದಲ್ಲಿ ನಡೆಯುತ್ತದೆ, ಆಯುಧ ಹಿಡಿಯುವುದನ್ನು ಅವರು ಒಪ್ಪುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಯುವಕ ಪೆನ್ರೋಸ್ ಬಂದೂಕು ಹಿಡಿಯಲಿಲ್ಲ. ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ರೈಲಿನಲ್ಲಿ ಸೇವೆ ಮಾಡಿದರು. ಆಮೇಲೆ ಕೇಂಬ್ರಿಜ್‌ನಲ್ಲಿ ಓದಿದರು, ವಿಯೆನ್ನಾಕ್ಕೆ ಹೋಗಿ ಮನಸ್ಸಿನ ಅಧ್ಯಯನ ಮಾಡಿದರು. ಮನಸ್ಸಿನ ಕಾಯಿಲೆ ಅರ್ಥವಾಗಬೇಕಾದರೆ ವೈದ್ಯನಾಗಲೇಬೇಕು ಎಂದು ತೀರ್ಮಾನಿಸಿ, 1928ರಲ್ಲಿ ವೈದ್ಯಕೀಯ ಪದವಿ ಮುಗಿಸಿದಾಗ ವಯಸ್ಸು ಮೂವತ್ತು.

ಆಗಿನ ಗಾಳಿ ಹೇಗಿತ್ತು ಎಂಬುದನ್ನು ನಾವು ತಿಳಿಯಬೇಕು. 1883ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಯುಜೆನಿಕ್ಸ್ ಎಂಬ ಪದವನ್ನು ಹುಟ್ಟುಹಾಕಿದ್ದರು. ಕನ್ನಡದಲ್ಲಿ ಅದನ್ನು ಸುಜನನಶಾಸ್ತ್ರ ಎನ್ನುತ್ತಾರೆ. ಒಳ್ಳೆಯ ತಳಿಯವರು ಹೆಚ್ಚು ಹೆರಬೇಕು, ಕೀಳು ತಳಿಯವರು ಹೆರಬಾರದು ಎಂಬುದು ಅದರ ಸಾರ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬುದ್ಧಿ ಕಡಿಮೆ ಎಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದಿಂದ ಮಕ್ಕಳಾಗದ ಆಪರೇಷನ್ ಮಾಡುವ ಕಾನೂನು ಬಂತು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ 1933ರಲ್ಲಿ ಇಂಥದೇ ಕಾನೂನು ತಂದು ಸುಮಾರು 4 ಲಕ್ಷ ಜನರ ಸಂತಾನಶಕ್ತಿಯನ್ನು ಕಿತ್ತುಕೊಂಡಿತು.

ನಮಗೆ ಈ ವಾದದ ಪರಿಚಯ ಚೆನ್ನಾಗಿಯೇ ಇದೆ. ಜಾತಿ ಪದ್ಧತಿ ರಕ್ತಶುದ್ಧಿಗಾಗಿ, ತಳಿ ಕಾಪಾಡಲು ಇದೆ ಎಂದು ಸಮರ್ಥಿಸುತ್ತಿದ್ದವರು ಇಲ್ಲಿಯೂ ಇದ್ದರು. ಬಾಬಾಸಾಹೇಬರು 1936ರ ಜಾತಿ ವಿನಾಶದಲ್ಲಿ ಈ ಸುಜನನಶಾಸ್ತ್ರದ ನೆಪವನ್ನೇ ಹೆಸರಿಸಿ ಒಡೆದುಹಾಕಿದ್ದಾರೆ. ಓದಿಲ್ಲದವರು ಆ ಭಾಗವನ್ನು ತಪ್ಪದೆ ಓದಿ.

ಅದೇ ವರ್ಷಗಳಲ್ಲಿ ಪೆನ್ರೋಸ್ ಇಂಗ್ಲೆಂಡಿನ ಕಾಲ್ಚೆಸ್ಟರ್ ಎಂಬ ಊರಿನ ಒಂದು ದೊಡ್ಡ ಆಶ್ರಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಬುದ್ಧಿ ಬೆಳವಣಿಗೆ ಕುಂಠಿತವಾದವರನ್ನು ಸಮಾಜ ತಂದು ಬಿಡುತ್ತಿದ್ದ ಜಾಗ ಅದು. ಹೊರಗಿನವರು ಇಂಥವರನ್ನೆಲ್ಲ ಒಂದೇ ಹೆಸರಿನಿಂದ ಕರೆದು, ಕೆಟ್ಟ ರಕ್ತ ಎಂದು ಕೈತೊಳೆದುಕೊಳ್ಳುತ್ತಿದ್ದರು. ಪೆನ್ರೋಸ್ ಹಾಗೆ ಮಾಡಲಿಲ್ಲ. 1280 ಜನರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಅವರ ಮನೆಗಳಿಗೆ ಹೋಗಿ ತಂದೆ, ತಾಯಿ, ಒಡಹುಟ್ಟಿದವರ ವಿವರ ಕಲೆಹಾಕಿದರು. 1938ರಲ್ಲಿ ವರದಿ ಹೊರಬಂತು. ಇದು ಒಂದು ಕಾಯಿಲೆಯಲ್ಲ, ಹತ್ತಾರು ಬೇರೆ ಬೇರೆ ಕಾರಣಗಳ ಫಲ ಎಂದು ಅದು ತೋರಿಸಿತು. ತೀವ್ರ ತೊಂದರೆ ಇದ್ದವರ ತಂದೆತಾಯಿಗಳಲ್ಲಿ ಹೆಚ್ಚಿನವರು ಎಲ್ಲರಂತೆ ಇದ್ದ ಸಾಮಾನ್ಯ ಜನ. ಕೆಟ್ಟ ಕುಲ ಎಂಬ ಮಾತಿಗೆ ಅಲ್ಲಿ ಆಧಾರವೇ ಸಿಗಲಿಲ್ಲ.

ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ನೀವು ನೋಡಿರುತ್ತೀರಿ. ಇದಕ್ಕೂ ಪೋಷಕರ ವಯಸ್ಸಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆ ಇತ್ತು. ತಂದೆಯ ವಯಸ್ಸೋ, ತಾಯಿಯ ವಯಸ್ಸೋ, ಎಷ್ಟನೇ ಹೆರಿಗೆ ಎಂಬುದೋ? ಮೂರೂ ಒಟ್ಟಿಗೇ ಹೆಚ್ಚುವುದರಿಂದ ಬಿಡಿಸುವುದು ಕಷ್ಟ. 1933ರಲ್ಲಿ ಪೆನ್ರೋಸ್ ಲೆಕ್ಕ ಹಾಕಿ, ಎಣಿಕೆಗೆ ಬರುವುದು ತಾಯಿಯ ವಯಸ್ಸು ಮಾತ್ರ ಎಂದು ತೋರಿಸಿದರು. 1959ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಮೂಲ ಕಾರಣವನ್ನು ಕಂಡರು: ಎರಡಿರಬೇಕಾದ 21ನೇ ಕ್ರೋಮೋಸೋಮ್ ಮೂರಾಗಿರುತ್ತದೆ. ಅಂಡಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆಗುವ ಹಂಚಿಕೆಯ ವ್ಯತ್ಯಾಸದಿಂದಲೇ ಬಹುಪಾಲು ಹೀಗಾಗುತ್ತದೆ. ವಯಸ್ಸಾದಂತೆ ಸಾಧ್ಯತೆ ಹೆಚ್ಚುತ್ತದೆ, ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ತಾಯಿ ಮಾಡಿದ ತಪ್ಪು ಇದರಲ್ಲಿ ಏನೂ ಇಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಇಂಥ ಮಗುವಿನ ತಾಯಿಗೆ ನಮ್ಮ ಕೇರಿಗಳಲ್ಲಿ ಇವತ್ತಿಗೂ ಏನು ಹೇಳುತ್ತಾರೆ? ಹೋದ ಜನ್ಮದ ಪಾಪ, ಕರ್ಮ ಅನುಭವಿಸಬೇಕು ಎನ್ನುತ್ತಾರೆ. ದೀಕ್ಷೆ ಪಡೆದ ಮನೆಗಳಲ್ಲೂ ಈ ಮಾತು ಬಾಯಿತಪ್ಪಿ ಬರುವುದನ್ನು ನಾನು ಕೇಳಿದ್ದೇನೆ. ಬಾಬಾಸಾಹೇಬರು ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಹಿಂದಿನ ಜನ್ಮದ ಕರ್ಮದ ಸಿದ್ಧಾಂತವನ್ನು ಪರೀಕ್ಷಿಸುವಾಗ ವಂಶವಾಹಿಗಳ ವಿಜ್ಞಾನವನ್ನೇ ಮುಂದಿಟ್ಟಿದ್ದಾರೆ. ಮಗು ತನ್ನ ಗುಣಗಳನ್ನು ತಂದೆತಾಯಿಗಳಿಂದ ಪಡೆಯುತ್ತದೆ ಎನ್ನುತ್ತದೆ ಆ ವಿಜ್ಞಾನ. ಹಾಗಿದ್ದರೆ ಹೋದ ಜನ್ಮದ ಯಾರದೋ ಲೆಕ್ಕ ಈ ಮಗುವಿನ ಮೇಲೆ ಹೇಗೆ ಬಂತು? ಬಡವರನ್ನೂ ಅಂಗವಿಕಲರನ್ನೂ ಅವರ ಸ್ಥಿತಿಗೆ ಅವರೇ ಹೊಣೆ ಮಾಡಿ, ಸಮಾಜವನ್ನು ಹೊಣೆಯಿಂದ ಬಿಡಿಸುವ ಸಿದ್ಧಾಂತ ಅದು. ಅದನ್ನು ನಾವು ಬಿಟ್ಟು ಬಂದಿದ್ದೇವೆ.

ಪೆನ್ರೋಸ್ ಅವರ ಇನ್ನೊಂದು ಕೆಲಸ ಪಿ.ಕೆ.ಯು. ಎಂಬ ಕಾಯಿಲೆಯದು. ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶವನ್ನು ಈ ಮಕ್ಕಳ ದೇಹ ಅರಗಿಸಲಾರದು. ಅದು ರಕ್ತದಲ್ಲಿ ಶೇಖರವಾಗಿ ಮೆದುಳನ್ನು ಹಾಳುಮಾಡುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್ ಇದನ್ನು ಗುರುತಿಸಿದ ಕೂಡಲೇ ಪೆನ್ರೋಸ್ ತಮ್ಮ ಆಶ್ರಯಾಲಯದಲ್ಲಿ ಹುಡುಕಿ ರೋಗಿಗಳನ್ನು ಕಂಡರು. ಕಂಡು ಸುಮ್ಮನಾಗಲಿಲ್ಲ, ಆಹಾರ ಬದಲಿಸಿ ಗುಣಪಡಿಸಲು ಯತ್ನಿಸಿದರು. ಆಗ ಸಫಲವಾಗಲಿಲ್ಲ. 1950ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯರು ಅದೇ ದಾರಿಯಲ್ಲಿ ಗೆದ್ದರು. ಇಂದು ಹುಟ್ಟಿದ ಕೂಡಲೇ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಇದನ್ನು ಪತ್ತೆಹಚ್ಚಿ, ಪಥ್ಯದಿಂದ ಮಗುವನ್ನು ಎಲ್ಲರಂತೆ ಬೆಳೆಸಬಹುದು. ಹುಟ್ಟಿನಿಂದ ಬಂದದ್ದು ಹಣೆಬರಹವಲ್ಲ. ದುಃಖವಿದೆ, ಕಾರಣವಿದೆ, ಕಾರಣ ತಿಳಿದರೆ ನಿವಾರಣೆ ಇದೆ, ಅದಕ್ಕೊಂದು ಮಾರ್ಗವಿದೆ. ನಾಲ್ಕು ಆರ್ಯಸತ್ಯಗಳನ್ನು ಪಾಠ ಮಾಡುವಾಗ ನನಗೆ ಈ ಉದಾಹರಣೆ ನೆನಪಾಗುತ್ತದೆ.

1945ರಲ್ಲಿ ಪೆನ್ರೋಸ್ ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಗಾಲ್ಟನ್ ಪೀಠದ ಪ್ರಾಧ್ಯಾಪಕರಾದರು. ಆ ಪೀಠದ ಹೆಸರೇ ಯುಜೆನಿಕ್ಸ್ ಪೀಠ. ಸುಜನನವಾದಿಗಳು ಕೂತ ಕುರ್ಚಿ! ಅದರಲ್ಲಿ ಕೂತು 1946ರಲ್ಲಿ ಮಾಡಿದ ಮೊದಲ ಉಪನ್ಯಾಸಕ್ಕೆ ಪಿ.ಕೆ.ಯು.ವನ್ನೇ ವಿಷಯವಾಗಿ ಆರಿಸಿಕೊಂಡರು. ಈ ಕಾಯಿಲೆ ಬರಬೇಕಾದರೆ ದೋಷವಿರುವ ವಂಶವಾಹಿ ತಂದೆಯಿಂದಲೂ ಬರಬೇಕು, ತಾಯಿಯಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದವರು ಪೂರ್ತಿ ಆರೋಗ್ಯವಂತರು. ಅಂಥವರು ನೂರಕ್ಕೆ ಒಬ್ಬರಿದ್ದಾರೆ ಎಂಬುದು ಅವರ ಲೆಕ್ಕ. ಈ ವಂಶವಾಹಿಯನ್ನು ಅಳಿಸಬೇಕೆಂದರೆ ಬೆರಳೆಣಿಕೆಯ ರೋಗಿಗಳಿಗಾಗಿ ನೂರಕ್ಕೆ ಒಬ್ಬ ಆರೋಗ್ಯವಂತರಿಗೆ ಆಪರೇಷನ್ ಮಾಡಬೇಕು. ಇದು ಹುಚ್ಚುತನ ಎಂದು ಅವರು ನೇರವಾಗಿ ಹೇಳಿದರು. ಶುದ್ಧ ತಳಿ ಎಂದು ಮೆರೆಯುವವರ ಒಳಗೂ ಕಾಣದ ದೋಷಗಳಿವೆ, ದೋಷವಿಲ್ಲದ ರಕ್ತ ಯಾರಲ್ಲೂ ಇಲ್ಲ ಎಂಬುದು ಇದರಿಂದ ನಾವು ತಿಳಿಯಬೇಕಾದ್ದು.

ಮಾತಿಗೆ ನಿಲ್ಲದೆ ಹೆಸರುಗಳನ್ನೂ ಬದಲಿಸಿದರು. 1954ರಲ್ಲಿ ಪೀಠದ ಪತ್ರಿಕೆಯ ಹೆಸರಿನಿಂದ ಯುಜೆನಿಕ್ಸ್ ತೆಗೆದು ಮಾನವ ತಳಿವಿಜ್ಞಾನ ಎಂದಿಟ್ಟರು. 1963ರಲ್ಲಿ ಪೀಠದ ಹೆಸರೂ ಹಾಗೆಯೇ ಬದಲಾಯಿತು. ಡೌನ್ ಸಿಂಡ್ರೋಮ್ ಇರುವವರನ್ನು ಆಗ ಮಂಗೋಲ್ ಎಂದು ಕರೆಯುತ್ತಿದ್ದರು. ಆ ಮಕ್ಕಳಿಗೂ ಅವಮಾನ, ಒಂದು ಇಡೀ ಜನಾಂಗಕ್ಕೂ ಅವಮಾನ. ಈ ಹೆಸರು ಬಿಡಿ ಎಂದು 1961ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದ 19 ತಜ್ಞರಲ್ಲಿ ಪೆನ್ರೋಸ್ ಒಬ್ಬರು. ಹೇರಿದ ಹೆಸರು ಎಷ್ಟು ನೋಯಿಸುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು?

ಅವರ ಮತ್ತೊಂದು ಕೊಡುಗೆ ಒಂದು ಚಿತ್ರ. 1958ರಲ್ಲಿ ಮಗ ರೋಜರ್ ಜೊತೆ ಸೇರಿ ಪ್ರಕಟಿಸಿದ ಮೆಟ್ಟಿಲಿನ ಚಿತ್ರ ಅದು. ಎಷ್ಟು ಹತ್ತಿದರೂ ಹೊರಟ ಜಾಗಕ್ಕೇ ಬರುತ್ತೀರಿ. ಆ ಮಗ ಮುಂದೆ 2020ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಜಾತಿ ಸಮಾಜವನ್ನು ಮೆಟ್ಟಿಲೇ ಇಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿ 1920ರ ಮೂಕನಾಯಕದಲ್ಲಿ ಬಾಬಾಸಾಹೇಬರು ಬರೆದದ್ದು ಈ ಚಿತ್ರ ನೋಡಿದಾಗ ನನ್ನ ಮನಸ್ಸಿಗೆ ಬರುತ್ತದೆ. ಅಂಥ ಕಟ್ಟಡದಲ್ಲಿ ಹತ್ತುವ ದಾರಿ ಹುಡುಕುವುದು ವ್ಯರ್ಥ, ಹೊರಬರುವುದೇ ದಾರಿ.

ಯುದ್ಧವಿರೋಧವನ್ನೂ ಅವರು ಬಿಡಲಿಲ್ಲ. 1951ರಲ್ಲಿ ಯುದ್ಧ ತಡೆಯಲೆಂದೇ ವೈದ್ಯರ ಒಂದು ಸಂಘ ಕಟ್ಟಿದವರಲ್ಲಿ ಮುಂದಿದ್ದರು. 1965ರಲ್ಲಿ ನಿವೃತ್ತರಾದ ಮೇಲೂ ವಿಶ್ರಾಂತಿಗೆ ಹೋಗದೆ, ಮತ್ತೆ ಬೌದ್ಧಿಕ ಅಂಗವಿಕಲರ ಆಸ್ಪತ್ರೆಗೇ ಹೋಗಿ ಸಂಶೋಧನಾ ಕೇಂದ್ರ ನಡೆಸಿದರು. 1972ರ ಮೇ 12ರಂದು ತೀರಿಕೊಂಡರು. ಕಲಿಕೆಯಲ್ಲಿ ಹಿಂದುಳಿದವರ ವಂಶವಾಹಿಗಳೂ ಮನುಕುಲಕ್ಕೆ ಬುದ್ಧಿವಂತರವುಗಳಷ್ಟೇ ಬೆಲೆಯುಳ್ಳವಾಗಿರಬಹುದು ಎಂಬುದು ಅವರು ಬರೆದಿಟ್ಟ ನಿಲುವು.

ತಥಾಗತರು ವಾಸೆಟ್ಠ ಸುತ್ತದಲ್ಲಿ, ಗಿಡಮರ ಪ್ರಾಣಿಗಳಲ್ಲಿ ಹುಟ್ಟಿನ ಗುರುತು ಬೇರೆ ಬೇರೆ ಇರುತ್ತದೆ, ಮನುಷ್ಯರಲ್ಲಿ ಹಾಗಿಲ್ಲ ಎಂದು ಬೋಧಿಸಿದರು. ಯಾರೂ ನೋಡಿಕೊಳ್ಳದೆ ಮಲಮೂತ್ರದಲ್ಲಿ ಬಿದ್ದಿದ್ದ ರೋಗಿ ಭಿಕ್ಖುವನ್ನು ಆನಂದರ ಜೊತೆ ಸೇರಿ ತಮ್ಮ ಕೈಯಾರೆ ತೊಳೆದು ಮಲಗಿಸಿದರು. ಪ್ರಜ್ಞೆ ಮತ್ತು ಕರುಣೆ ಎರಡೂ ಒಟ್ಟಿಗೆ ಬೇಕು ಎಂದು ನಾವು ಹೇಳುತ್ತಿರುತ್ತೇವಲ್ಲ, ಪೆನ್ರೋಸ್ ಅವರ ಬದುಕಿನಲ್ಲಿ ನನಗೆ ಅವೆರಡೂ ಒಟ್ಟಿಗೇ ಕಾಣುತ್ತವೆ.

*ಇಂದಿನ ಅಭ್ಯಾಸ:* ನಿಮ್ಮ ಬೀದಿಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ ಮಗು ಇದ್ದರೆ ಇವತ್ತು ಅದನ್ನು ಹೆಸರು ಹಿಡಿದು ಮಾತನಾಡಿಸಿ. ತಾಯಿಯ ಬಳಿ ಹತ್ತು ನಿಮಿಷ ಕೂತು ಬನ್ನಿ. ಯಾರಾದರೂ ಕರ್ಮ ಎಂದರೆ ಸುಮ್ಮನಿರಬೇಡಿ, ಕಾರಣ ತಿಳಿಸಿ ಹೇಳಿ. ಭಾನುವಾರದ ವಂದನೆಗೆ ಆ ಮಗುವನ್ನೂ ವಿಹಾರಕ್ಕೆ ಕರೆತನ್ನಿ.

ಸಬ್ಬೇ ಸತ್ತಾ ಸುಖಿ ಹೊಂತು.
ಸಾಧು, ಸಾಧು, ಸಾಧು. ಜೈ ಭೀಮ್.