ಕನ್ನಡದ ಹಾಡು ಗಾದೆಗಳನ್ನು ಕಾಪಾಡಿದ ಹರ್ಮನ್ ಮೊಗ್ಲಿಂಗ್ ಪಂಡಿತರು

ಪರದೇಶದಿಂದ ಬಂದು ಕನ್ನಡ ನುಡಿಗೆ ಉಪಕಾರ ಮಾಡಿದ ಮಹನೀಯರನ್ನು ನೆನೆಯುವಾಗ ನಿಘಂಟುಕಾರರಾದ ಕಿಟ್ಟೆಲರ ಹೆಸರು ಮೊದಲು ನಾಲಗೆಗೆ ಬರುತ್ತದೆ. ಅದು ಯುಕ್ತವೇ ಸರಿ. ಆದರೆ ಅವರಿಗಿಂತ ಹದಿನೇಳು ವರ್ಷ ಮೊದಲೇ ಈ ನಾಡಿಗೆ ಬಂದು, ಓಲೆಗರಿಗಳಲ್ಲಿಯೂ ಜನರ ಬಾಯಲ್ಲಿಯೂ ಇದ್ದ ಹಾಡು, ಗಾದೆ, ಕಾವ್ಯಗಳನ್ನು ಕೂಡಿಸಿ ಅಚ್ಚಿಗೆ ತಂದ ಹರ್ಮನ್ ಮೊಗ್ಲಿಂಗರ ಚರಿತ್ರೆಯು ನಮ್ಮ ಬಾಲಿಕೆಯರಿಗೆ ಅಷ್ಟಾಗಿ ತಿಳಿದಿಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವಿತವನ್ನು ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

ಮೊಗ್ಲಿಂಗರು 1811ನೆಯ ಮೇ 29ರಂದು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಅದು ಆ ದೇಶದ ವಿದ್ವಾಂಸರು ಹಳ್ಳಿಯ ಜನರ ಕಥೆ, ಹಾಡುಗಳನ್ನು ಗೌರವದಿಂದ ನೋಡತೊಡಗಿದ್ದ ಕಾಲ. ಮರುವರ್ಷ, 1812ರಲ್ಲಿ, ಗ್ರಿಮ್ ಸಹೋದರರು ತಮ್ಮ ಕಥಾಸಂಗ್ರಹದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಆ ಸಹೋದರರಿಗೆ ಕಥೆ ಹೇಳಿದವರಲ್ಲಿ ಬಹುಮಂದಿ ಸ್ತ್ರೀಯರು. ಅವರಲ್ಲಿ ಅತ್ಯಂತ ಪ್ರಸಿದ್ಧಳಾದ ಡೊರೊಥಿಯಾ ಫೀಮಾನ್ ಎಂಬಾಕೆ ಒಬ್ಬ ದರ್ಜಿಯ ಹೆಂಡತಿ. ಇಂತಹ ನಾಡಿನಲ್ಲಿ ಬೆಳೆದು, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ಅಭ್ಯಾಸ ಮಾಡಿ, ಮೊಗ್ಲಿಂಗರು ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿದರು.

ಆ ಸಂಸ್ಥೆಯ ಬೋಧಕರು 1834ರಲ್ಲಿ ಮಂಗಳೂರಿನಲ್ಲಿ ತಮ್ಮ ಕಾರ್ಯವನ್ನು ಆರಂಭಿಸಿದ್ದರು. ಮೊಗ್ಲಿಂಗರು 1836ರಲ್ಲಿ ಅಲ್ಲಿಗೆ ಬಂದರು. ಜನರ ಮಾತನ್ನು ಅರಿಯದೆ ಜನರ ಮನಸ್ಸನ್ನು ಅರಿಯಲಾಗದೆಂದು ತಿಳಿದು, ಅವರು ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ವಿದ್ಯಾರ್ಥಿಗಳಿಗೆ ಶಿಕ್ಷಣವನ್ನೂ ಕೊಟ್ಟರು. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯವು ಸ್ಥಾಪಿತವಾಯಿತು. 1843ನೆಯ ಜುಲೈ 1ರಂದು ಮೊಗ್ಲಿಂಗರು ಅಲ್ಲಿಂದಲೇ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಇದೇ ಕನ್ನಡದ ಪ್ರಥಮ ವೃತ್ತಪತ್ರಿಕೆ. ಮರುವರ್ಷ ಅದರ ಮುದ್ರಣವು ಬಳ್ಳಾರಿಗೆ ಸಾಗಿತು. ಪತ್ರಿಕೆಯು ದೀರ್ಘಕಾಲ ಬಾಳಲಿಲ್ಲವಾದರೂ, ಕನ್ನಡಿಗರಿಗೆ ಲೋಕವಾರ್ತೆಯನ್ನು ಅವರ ನುಡಿಯಲ್ಲಿಯೇ ಹೇಳಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಆದರೆ ಮೊಗ್ಲಿಂಗರ ಶಾಶ್ವತವಾದ ಕೀರ್ತಿಗೆ ಕಾರಣವಾದುದು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಆ ಕಾಲದಲ್ಲಿ ಕನ್ನಡ ಕಾವ್ಯಗಳು ಬಹುಮಟ್ಟಿಗೆ ಓಲೆಗರಿಗಳಲ್ಲಿಯೇ ಇದ್ದವು. ಗೆದ್ದಲು ಹಿಡಿದರೆ, ಮನೆಗೆ ಬೆಂಕಿ ಬಿದ್ದರೆ, ಒಂದು ಪ್ರತಿಯೊಡನೆ ಒಂದು ಪಾಠವೇ ಅಳಿದುಹೋಗುವ ಸಂಭವವಿತ್ತು. ನೀಲಗಿರಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ನಿವೃತ್ತ ಅಧಿಕಾರಿಯು ಒದಗಿಸಿದ ದ್ರವ್ಯಸಹಾಯದಿಂದ ಮೊಗ್ಲಿಂಗರು, ತಮ್ಮ ಬಂಧುವೂ ಸಹೋದ್ಯೋಗಿಯೂ ಆದ ವೈಗ್ಲೆಯವರ ನೆರವನ್ನು ಪಡೆದು, 1848ರಿಂದ ಕೆಲವು ವರ್ಷಗಳಲ್ಲಿ ಈ ಮಾಲೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ಲಕ್ಷ್ಮೀಶನ ಜೈಮಿನಿ ಭಾರತ, ದಾಸರ ಪದಗಳು, ಭೀಮಕವಿಯ ಬಸವಪುರಾಣ, ತೊರವೆ ರಾಮಾಯಣ ಮೊದಲಾದವು ಅದರಲ್ಲಿ ಸೇರಿದವು. ತೊರವೆಯು ನಮ್ಮ ವಿಜಯಪುರದ ಮಗ್ಗುಲಲ್ಲಿಯೇ ಇರುವ ಗ್ರಾಮ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ನಮ್ಮ ಜಿಲ್ಲೆಯದೇ. ಹೀಗೆ ನಮ್ಮ ಸೀಮೆಯ ಸಂಪತ್ತು ದೂರದ ಕರಾವಳಿಯಲ್ಲಿ, ಜರ್ಮನಿಯವರೊಬ್ಬರ ಕೈಯಿಂದ, ಅಚ್ಚಿನ ರೂಪವನ್ನು ತಾಳಿತು. ಇವಲ್ಲದೆ ಕನ್ನಡದ ಗಾದೆಗಳನ್ನೂ ಅವರು ಕೂಡಿಸಿ ಮುದ್ರಿಸಿದರು.

ಕ್ರಿಸ್ತಬೋಧೆಗೆಂದು ಬಂದವರು ಅನ್ಯಮತದ ಪುರಾಣವನ್ನೂ ಭಕ್ತಿಗೀತೆಗಳನ್ನೂ ಏಕೆ ಪ್ರಕಟಿಸಿದರೆಂದು ಬಾಲಿಕೆಯರು ಕೇಳಬಹುದು. ಮೊಗ್ಲಿಂಗರಿಗೆ ತಮ್ಮ ಮತದಲ್ಲಿ ದೃಢವಾದ ವಿಶ್ವಾಸವಿತ್ತು. ಅದನ್ನು ಸಾರುವುದೇ ಅವರ ಉದ್ದೇಶವೆಂಬುದನ್ನು ಮರೆಮಾಚಬೇಕಾಗಿಲ್ಲ. ಈ ಗ್ರಂಥಗಳಿಂದ ಬೋಧಕರು ಒಳ್ಳೆಯ ಕನ್ನಡವನ್ನೂ ಜನರ ಅಂತರಂಗವನ್ನೂ ಅರಿಯಲೆಂಬ ಪ್ರಯೋಜನವೂ ಅವರ ದೃಷ್ಟಿಯಲ್ಲಿತ್ತು. ಆದರೂ ಪ್ರಯೋಜನಕ್ಕಾಗಿ ಮಾತ್ರ ಮಾಡಿದ ಕೆಲಸದಲ್ಲಿ ಇಷ್ಟು ಪರಿಶ್ರಮವು ಕಾಣಬರುವುದಿಲ್ಲ. ತಾನು ಒಪ್ಪದ ಮಾತನ್ನೂ ಕೆಡಲೀಸದೆ ಕಾಪಾಡುವುದು ದೊಡ್ಡ ಮನಸ್ಸಿನ ಗುಣವೆಂದು ನಾವು ಭಾವಿಸುತ್ತೇವೆ.

1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಆನಂದರಾವ್ ಕೌಂಡಿಣ್ಯ ಎಂಬ ಬ್ರಾಹ್ಮಣ ಯುವಕರು ಅವರಿಗೆ ಆಜೀವ ಮಿತ್ರರಾದರು. 1853ರಲ್ಲಿ ಮೊಗ್ಲಿಂಗರು ಕೊಡಗಿಗೆ ತೆರಳಿ ಅಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದರು. ಆ ನಾಡಿನ ಜನಜೀವನವನ್ನೂ ಇತಿಹಾಸವನ್ನೂ ಕುರಿತ ಅವರ ಇಂಗ್ಲಿಷ್ ಗ್ರಂಥವು 1855ರಲ್ಲಿ ಪ್ರಕಟವಾಯಿತು. ಅವರ ಕನ್ನಡ ಸೇವೆಯನ್ನು ಮೆಚ್ಚಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಗೌರವ ಡಾಕ್ಟರ್ ಪದವಿಯನ್ನು ಪ್ರದಾನ ಮಾಡಿತು. 1860ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ದಾಸರ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ಅಲ್ಲಿಯ ವಿದ್ವಾಂಸರಿಗೂ ಪರಿಚಯ ಮಾಡಿಕೊಟ್ಟರು. 1881ನೆಯ ಮೇ 10ರಂದು ಎಸ್ಲಿಂಗೆನ್ ಎಂಬಲ್ಲಿ ದೈವಾಧೀನರಾದರು. ಮಲೆಯಾಳ ನಿಘಂಟುಕಾರರಾದ ಅವರ ಸ್ನೇಹಿತ ಹರ್ಮನ್ ಗುಂಡರ್ಟರು ಮರುವರ್ಷವೇ ಅವರ ಚರಿತ್ರೆಯನ್ನು ಬರೆದು ಪ್ರಕಟಿಸಿದರು.

ಮೊಗ್ಲಿಂಗರ ಗ್ರಂಥಮಾಲೆಯನ್ನು ಕೊಂಡಾಡುವಾಗ ಒಂದು ಕೊರತೆಯನ್ನೂ ಹೇಳಬೇಕು. ಅದರಲ್ಲಿ ಕವಿಗಳಿದ್ದಾರೆ, ದಾಸರಿದ್ದಾರೆ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಹಾಡುವ ಗರತಿಯಿಲ್ಲ. ಪರದೇಶದ ಪುರುಷರೊಬ್ಬರು ನಮ್ಮ ಅಡಿಗೆಮನೆಯ, ತೊಟ್ಟಿಲ ಬಳಿಯ ಹಾಡನ್ನು ಕೇಳಬೇಕಾದರೂ ಹೇಗೆ? ಆ ಕೊರತೆಯನ್ನು ತುಂಬುವ ಭಾಗ್ಯವು ನಮ್ಮ ಜಿಲ್ಲೆಗೇ ದೊರೆಯಿತು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟವಾಗಿ ನಾಡಿನ ಮನ್ನಣೆಯನ್ನು ಪಡೆದವು.

ಆದರೂ ಕೆಲಸವು ಮುಗಿದಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಕಲ್ಲಿನೊಡನೆ ಹಾಡೂ ಮೂಕವಾಗುತ್ತಿದೆ. ತಾಂಬಾ ಗ್ರಾಮದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಅವನ್ನು ಬಲ್ಲ ಮುದುಕಿಯರು ಇನ್ನೂ ಇದ್ದಾರೆ; ಅವರಲ್ಲಿ ಅನೇಕರಿಗೆ ಬರೆಯಲು ಬಾರದು. ನಮ್ಮ ಬಾಲಿಕೆಯರಿಗೆ ಬರೆಯಲು ಬರುತ್ತದೆ, ಅಜ್ಜಿಯ ಮಗ್ಗುಲಲ್ಲಿ ಕುಳಿತುಕೊಳ್ಳುವ ಸಲಿಗೆಯೂ ಇದೆ. ಮೊಗ್ಲಿಂಗ್ ಪಂಡಿತರಿಗೆ ಎಷ್ಟು ವಿದ್ಯೆಯಿದ್ದರೂ ಈ ಸಲಿಗೆಯು ದೊರೆತಿರಲಿಲ್ಲ. ಒಬ್ಬೊಬ್ಬ ಬಾಲಿಕೆಯು ಈ ರಜೆಯಲ್ಲಿ ತನ್ನ ಅಜ್ಜಿಯಿಂದ ಹತ್ತು ಹಾಡುಗಳನ್ನಾಗಲಿ, ಹತ್ತು ಗಾದೆಗಳನ್ನಾಗಲಿ, ಆಕೆ ನುಡಿದಂತೆಯೇ ತಿದ್ದದೆ ಬರೆದು ತಂದರೆ, ಅದೇ ಆ ಮಹನೀಯರಿಗೆ ನಾವು ಸಲ್ಲಿಸುವ ನಿಜವಾದ ಗೌರವವಾಗುವುದು.