ತನಗೆ ತಾನೇ ದಂಡ ವಿಧಿಸಿಕೊಂಡ ಆಟಗಾರ

ಗಾಲ್ಫ್ ಆಟವನ್ನು ನಾನು ಆಡಿದವನಲ್ಲ. ಆಡುವುದನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಅದು ಸಿರಿವಂತರ ಆಟ, ನಮ್ಮಂಥವರಿಗೆ ಅದರ ಗೊಡವೆ ಏಕೆ ಎಂದು ಬಹುಕಾಲ ತಿಳಿದಿದ್ದೆ. ಕಳೆದ ವರ್ಷ ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಕ್ರೀಡೆಗಳ ನಿಯಮಗಳನ್ನು ಕುರಿತ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲಿ ಗಾಲ್ಫಿನ ಭಾಗವನ್ನು ತಿರುವಿದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಕ್ರಿಕೆಟ್ಟಿಗೆ ಅಂಪೈರ್ ಉಂಟು. ಫುಟ್ಬಾಲಿಗೂ ಹಾಕಿಗೂ ಸೀಟಿ ಹಿಡಿದವರು ಉಂಟು. ಗಾಲ್ಫಿನಲ್ಲಾದರೋ ತಪ್ಪು ಮಾಡಿದ ಆಟಗಾರನೇ ಆ ತಪ್ಪನ್ನು ಗುರುತಿಸಿ, ತಾನೇ ಹೇಳಿ, ದಂಡವನ್ನು ತನ್ನ ಲೆಕ್ಕಕ್ಕೆ ಬರೆಸಿಕೊಳ್ಳಬೇಕು. ಇದು ಆಗುವ ಮಾತೇ ಎಂಬ ಸಂದೇಹದಿಂದ ಇನ್ನಷ್ಟು ಓದುತ್ತ ಹೋದಾಗ ಬಾಬಿ ಜೋನ್ಸ್ ಎಂಬಾತನ ಜೀವನ ಪರಿಚಯವಾಯಿತು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ನನ್ನ ಸ್ವಂತದ ಕಾರಣವೂ ಒಂದಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಆಟದ ವಿಷಯವಾಗಿ ನಾಲ್ಕು ಮಾತು. ವಿಶಾಲವಾದ ಹುಲ್ಲುಗಾವಲು; ಅದರಲ್ಲಿ ೧೮ ಗುಳಿಗಳು. ನೂರಾರು ಗಜ ದೂರದಿಂದ ಹೊರಟು, ಸಣ್ಣ ಚೆಂಡನ್ನು ದಾಂಡಿನಿಂದ ಹೊಡೆಯುತ್ತ ಹೋಗಿ ಒಂದೊಂದೇ ಗುಳಿಗೆ ಬೀಳಿಸಬೇಕು. ಅತಿ ಕಡಮೆ ಹೊಡೆತಗಳಲ್ಲಿ ಮುಗಿಸಿದವನಿಗೆ ಗೆಲುವು. ಈ ಆಟಕ್ಕೆ ಬರಹದ ರೂಪದಲ್ಲಿ ಉಳಿದಿರುವ ಮೊದಲ ನಿಯಮಾವಳಿ ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಲೀತ್ ಎಂಬಲ್ಲಿ ೧೭೪೪ರಲ್ಲಿ ಹುಟ್ಟಿತು. ಅದರಲ್ಲಿದ್ದುದು ೧೩ ನಿಯಮಗಳು ಮಾತ್ರ. ಮುಂದೆ ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯೆಂಟ್ ಕ್ಲಬ್ಬೂ ಅಮೆರಿಕದ ಗಾಲ್ಫ್ ಸಂಘವೂ ಬೇರೆ ಬೇರೆಯಾಗಿ ನಿಯಮಗಳನ್ನು ಬೆಳೆಸಿಕೊಂಡು ಬಂದವು. ೧೯೫೨ರಲ್ಲಿ ಎರಡೂ ಕೂಡಿ ಜಗತ್ತಿಗೆಲ್ಲ ಒಂದೇ ನಿಯಮಾವಳಿಯನ್ನು ತಂದವು. ೩೪ಕ್ಕೆ ಬೆಳೆದಿದ್ದ ನಿಯಮಗಳನ್ನು ೨೦೧೯ರಲ್ಲಿ ೨೪ಕ್ಕೆ ಇಳಿಸಲಾಯಿತು. ಇವುಗಳ ತಿರುಳು ಮಾತ್ರ ಸರಳವಾದುದು: ಚೆಂಡು ಬಿದ್ದಲ್ಲಿಂದಲೇ, ಬಿದ್ದ ಹಾಗೆಯೇ ಆಡಬೇಕು, ಮೈದಾನವನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳಬೇಕು. ಇಷ್ಟೊಂದು ದೊಡ್ಡ ಬಯಲಿನಲ್ಲಿ ಚದರಿಹೋದ ಪ್ರತಿಯೊಬ್ಬ ಆಟಗಾರನ ಹಿಂದೆಯೂ ತೀರ್ಪುಗಾರನನ್ನು ಕಳುಹಿಸುವುದು ಸಾಧ್ಯವಿಲ್ಲ. ಆದುದರಿಂದ ನಿಯಮವು ಆಟಗಾರನ ಪ್ರಾಮಾಣಿಕತೆಯನ್ನೇ ನಂಬಿಕೊಂಡಿದೆ.

ಈ ನಂಬಿಕೆಯನ್ನು ಉಳಿಸಿದವರಲ್ಲಿ ಜೋನ್ಸನ ಹೆಸರು ದೊಡ್ಡದು. ಆತ ಹುಟ್ಟಿದ್ದು ೧೯೦೨ರ ಮಾರ್ಚ್ ೧೭ರಂದು, ಅಮೆರಿಕದ ಜಾರ್ಜಿಯಾ ಪ್ರಾಂತದ ಅಟ್ಲಾಂಟಾ ನಗರದಲ್ಲಿ. ತಂದೆ ವಕೀಲರು. ಹುಡುಗ ಬಾಲ್ಯದಲ್ಲಿ ಬಹಳ ರೋಗಿಷ್ಠ. ಬೇಸಗೆಯಲ್ಲಿ ಕುಟುಂಬವು ಈಸ್ಟ್ ಲೇಕ್ ಎಂಬಲ್ಲಿ ಗಾಲ್ಫ್ ಮೈದಾನದ ಪಕ್ಕದಲ್ಲಿ ವಾಸಮಾಡುತ್ತಿತ್ತು. ಅಲ್ಲಿದ್ದ ಸ್ಕಾಟ್ಲೆಂಡಿನ ಶಿಕ್ಷಕ ಸ್ಟೂವರ್ಟ್ ಮೇಡನ್ನನ ಹಿಂದೆ ಹಿಂದೆಯೇ ಸುತ್ತಿ, ಅವನ ಹೊಡೆತವನ್ನು ನೋಡಿ ನೋಡಿ ಅನುಕರಿಸಿ ಹುಡುಗ ಆಟ ಕಲಿತ. ೧೪ನೆಯ ವಯಸ್ಸಿಗೇ ರಾಷ್ಟ್ರೀಯ ಹವ್ಯಾಸಿ ಪಂದ್ಯಾವಳಿಯಲ್ಲಿ ಆಡಿ ಎಲ್ಲರ ಕಣ್ಣಿಗೆ ಬಿದ್ದ.

ಆದರೆ ಈತ ಹುಟ್ಟಾ ಸಾಧುವಾಗಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಹೊಡೆತ ತಪ್ಪಿದರೆ ದಾಂಡನ್ನು ಎಸೆಯುವ ಚಾಳಿ. ೧೯೨೧ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ ನಡೆದ ಬ್ರಿಟಿಷ್ ಮುಕ್ತ ಪಂದ್ಯಾವಳಿಯ ಮೂರನೆಯ ಸುತ್ತಿನಲ್ಲಿ ಆಟ ಕೆಟ್ಟಿತು. ಹನ್ನೊಂದನೆಯ ಗುಳಿಯ ಬಳಿ ಚೆಂಡು ಮರಳಿನ ಹೊಂಡಕ್ಕೆ ಬಿದ್ದಾಗ ಸಹನೆಗೆಟ್ಟು, ಗುಳಿಯನ್ನು ಪೂರೈಸದೆ ಚೆಂಡನ್ನು ಎತ್ತಿಕೊಂಡುಬಿಟ್ಟ. ಪ್ರತಿಯೊಂದು ಗುಳಿಯನ್ನೂ ಪೂರೈಸಲೇಬೇಕೆಂಬುದು ನಿಯಮ. ಅಲ್ಲಿಗೆ ಅವನ ಸ್ಪರ್ಧೆ ಮುಗಿಯಿತು. ಅದೇ ವರ್ಷ ಅಮೆರಿಕದಲ್ಲಿ ಅವನು ಎಸೆದ ದಾಂಡು ನೋಡಲು ಬಂದಿದ್ದ ಹೆಂಗಸೊಬ್ಬಳಿಗೆ ತಗುಲಿತು. ಇನ್ನೊಮ್ಮೆ ಹೀಗಾದರೆ ಆಡಲು ಬಿಡುವುದಿಲ್ಲವೆಂದು ಸಂಘದಿಂದ ಎಚ್ಚರಿಕೆ ಬಂದಿತು. ಸೇಂಟ್ ಆಂಡ್ರೂಸಿನ ಆ ವರ್ತನೆಗಾಗಿ ಜೋನ್ಸನು ಕೊನೆಯವರೆಗೂ ನಾಚಿಕೊಂಡ. ಎದುರಾಳಿಯನ್ನು ಗೆಲ್ಲುವ ಮೊದಲು ತನ್ನನ್ನು ಗೆಲ್ಲಬೇಕೆಂಬ ಪಾಠವನ್ನು ಆತ ಕಲಿತದ್ದು ಹೀಗೆ, ಪೆಟ್ಟು ತಿಂದು.

ಆಟದ ನಡುವೆಯೂ ಜೋನ್ಸ್ ವಿದ್ಯೆಯನ್ನು ಕಡೆಗಣಿಸಲಿಲ್ಲವೆಂಬುದನ್ನು ವಿದ್ಯಾರ್ಥಿಗಳಾದ ನಾವು ಗಮನಿಸಬೇಕು. ಜಾರ್ಜಿಯಾ ಟೆಕ್‌ನಲ್ಲಿ ಯಂತ್ರಶಾಸ್ತ್ರದ ಪದವಿ, ಹಾರ್ವರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ, ಅನಂತರ ಎಮೊರಿ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ವ್ಯಾಸಂಗ. ಪದವಿಗೆ ಮುಂಚೆಯೇ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೃತ್ತಿಗಿಳಿದ. ಪಂದ್ಯಗಳಿಂದ ಹಣ ಪಡೆಯದೆ ಹವ್ಯಾಸಿಯಾಗಿಯೇ ಆಡಿದ.

ಇನ್ನು ೧೯೨೫ರ ಮಾತು. ಮಸಾಚುಸೆಟ್ಸ್ ಪ್ರಾಂತದ ವುಸ್ಟರಿನಲ್ಲಿ ಅಮೆರಿಕದ ಮುಕ್ತ ಪಂದ್ಯಾವಳಿ. ಮೊದಲನೆಯ ಸುತ್ತಿನ ಹನ್ನೊಂದನೆಯ ಗುಳಿ. ಜೋನ್ಸನ ಚೆಂಡು ಎತ್ತರದ ಹುಲ್ಲಿನಲ್ಲಿ ಬಿದ್ದಿತ್ತು. ಹೊಡೆಯಲು ಸಿದ್ಧನಾಗಿ ನಿಂತಾಗ ದಾಂಡು ಹುಲ್ಲಿಗೆ ತಾಕಿ ಚೆಂಡು ತುಸು ಕದಲಿತು. ಹಾಗೆ ಕದಲಿದರೆ ಒಂದು ಹೊಡೆತದ ದಂಡವೆಂಬುದು ನಿಯಮ. ಜೊತೆಯಲ್ಲಿ ಆಡುತ್ತಿದ್ದ ಪ್ರಸಿದ್ಧ ಆಟಗಾರ ವಾಲ್ಟರ್ ಹೇಗನ್ ಅದನ್ನು ನೋಡಿರಲಿಲ್ಲ. ಅಧಿಕಾರಿಗಳೂ ನೋಡಿರಲಿಲ್ಲ. ಸುತ್ತಲಿದ್ದ ಜನರನ್ನು ವಿಚಾರಿಸಿದರೆ ಯಾರೂ ಕಂಡಿಲ್ಲ. ಕೊನೆಗೆ ಅಧಿಕಾರಿಗಳು ತೀರ್ಮಾನವನ್ನು ಅವನಿಗೇ ಬಿಟ್ಟರು. ಚೆಂಡು ಕದಲಿದ್ದು ತನಗೆ ಗೊತ್ತು ಎಂದು ಜೋನ್ಸ್ ಒಂದು ಹೊಡೆತವನ್ನು ತನ್ನ ಲೆಕ್ಕಕ್ಕೆ ಸೇರಿಸಿದ.

ಯಾರೂ ಕಾಣದ ಕಡೆ ಬಾಳೆಹಣ್ಣು ತಿಂದು ಬಾ ಎಂದು ಗುರುಗಳು ಹೇಳಿದಾಗ ತಿನ್ನದೆ ಹಿಂತಿರುಗಿದ ಕನಕದಾಸರ ಕಥೆಯನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಕೇಳಿದ್ದೇವೆ. ಆ ಕಥೆಯನ್ನು ಕೇಳದ ಜೋನ್ಸನು ಹುಲ್ಲಿನ ನಡುವೆ ನಿಂತು ಅದನ್ನೇ ನಡೆದು ತೋರಿಸಿದಂತೆ ನನಗೆ ಭಾಸವಾಯಿತು.

ಆ ಒಂದು ಹೊಡೆತದ ಬೆಲೆ ಏನಾಯಿತೆಂಬುದನ್ನು ನೋಡಿ. ನಾಲ್ಕು ಸುತ್ತುಗಳು ಮುಗಿದಾಗ ಜೋನ್ಸನೂ ವಿಲ್ಲಿ ಮ್ಯಾಕ್‌ಫಾರ್ಲೇನನೂ ೨೯೧ ಹೊಡೆತಗಳಲ್ಲಿ ಸಮನಾಗಿ ನಿಂತರು. ದಂಡವಿಲ್ಲದಿದ್ದರೆ ಪ್ರಶಸ್ತಿ ಅಂದೇ ಜೋನ್ಸನದಾಗುತ್ತಿತ್ತು. ಮರುದಿನ ಇಬ್ಬರ ನಡುವೆ ೧೮ ಗುಳಿಗಳ ಆಟ; ಅದೂ ಸಮ. ಮತ್ತೆ ೧೮ ಗುಳಿಗಳು. ಈ ಸಲ ಜೋನ್ಸ್ ಸೋತ, ಒಂದೇ ಒಂದು ಹೊಡೆತದಿಂದ. ಜನರು ಅವನ ಪ್ರಾಮಾಣಿಕತೆಯನ್ನು ಕೊಂಡಾಡಿದಾಗ ಅವನಿಗೆ ಅದು ಹಿತವಾಗಲಿಲ್ಲ. ಕಳ್ಳತನ ಮಾಡದವನನ್ನು ಅದಕ್ಕಾಗಿ ಯಾರಾದರೂ ಹೊಗಳುತ್ತಾರೆಯೇ ಎಂಬುದು ಅವನ ಭಾವವಾಗಿತ್ತು. ಅಂದಿನ ನಿಯಮಗಳು ಎಷ್ಟೋ ಸಡಿಲವಾಗಿವೆ. ಗುಳಿಯ ಸುತ್ತಲಿನ ನಯವಾದ ಹುಲ್ಲಿನ ಮೇಲೆ ಚೆಂಡು ಅಕಸ್ಮಾತ್ತಾಗಿ ಕದಲಿದರೆ ಈಗ ದಂಡವಿಲ್ಲ. ಆದರೆ ಜೋನ್ಸನ ಚೆಂಡು ಬಿದ್ದಿದ್ದಂಥ ಎತ್ತರದ ಹುಲ್ಲಿನಲ್ಲಿ ದಾಂಡು ತಾಕಿ ಕದಲಿದರೆ ಇಂದಿಗೂ ಒಂದು ಹೊಡೆತದ ದಂಡವುಂಟು.

ಆ ಸೋಲಿನಿಂದ ಆತ ಕುಗ್ಗಲಿಲ್ಲ. ೧೯೨೭ರಲ್ಲಿ, ತಾನು ಹಿಂದೆ ಮುಖಭಂಗಪಟ್ಟ ಸೇಂಟ್ ಆಂಡ್ರೂಸಿನಲ್ಲೇ ಬ್ರಿಟಿಷ್ ಮುಕ್ತ ಪ್ರಶಸ್ತಿಯನ್ನು ಗೆದ್ದು, ಆ ಬಟ್ಟಲು ಅಲ್ಲಿಯೇ ಇರಲೆಂದು ಕೇಳಿಕೊಂಡ. ೧೯೩೦ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಮುಕ್ತ ಹಾಗೂ ಹವ್ಯಾಸಿ ಪ್ರಶಸ್ತಿಗಳು ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದು, ೨೮ನೆಯ ವಯಸ್ಸಿಗೇ ಸ್ಪರ್ಧೆಗಳಿಂದ ನಿವೃತ್ತನಾದ. ಬಳಿಕ ಮಿತ್ರರೊಡನೆ ಆಗಸ್ಟಾ ನ್ಯಾಷನಲ್ ಮೈದಾನವನ್ನು ನಿರ್ಮಿಸಿ, ೧೯೩೪ರಲ್ಲಿ ಮಾಸ್ಟರ್ಸ್ ಎಂದು ಹೆಸರಾದ ಪಂದ್ಯಾವಳಿಯನ್ನು ಆರಂಭಿಸಿದ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಆ ಮೈದಾನದ ಪಂದ್ಯಾವಳಿಯಲ್ಲಿ ಕಪ್ಪು ಜನಾಂಗದ ಆಟಗಾರನೊಬ್ಬ ಮೊದಲು ಆಡಿದ್ದು ೧೯೭೫ರಲ್ಲಿ; ಆ ಜನಾಂಗದವರೊಬ್ಬರು ಅಲ್ಲಿ ಸದಸ್ಯರಾದದ್ದು ೧೯೯೦ರಲ್ಲಿ. ಚೆಂಡು ಕೂದಲೆಳೆಯಷ್ಟು ಕದಲಿದ್ದನ್ನು ಕಂಡ ಕಣ್ಣಿಗೆ ತನ್ನ ಬಾಗಿಲಿನ ಈ ಅನ್ಯಾಯ ಕಾಣದೆ ಹೋಯಿತೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ದೊಡ್ಡವರ ಜೀವನದಲ್ಲಿಯೂ ಬೆಳಕು ಬೀಳದ ಮೂಲೆಗಳಿರುತ್ತವೆ.

೧೯೪೮ರ ಬಳಿಕ ಜೋನ್ಸನಿಗೆ ಆಡಲಾಗಲಿಲ್ಲ. ಬೆನ್ನುಹುರಿಯ ರೋಗ ಅವನ ಕೈಕಾಲುಗಳ ಶಕ್ತಿಯನ್ನು ಮೆಲ್ಲಮೆಲ್ಲಗೆ ಹೀರಿತು, ಗಾಲಿಕುರ್ಚಿಯೇ ಆಸರೆಯಾಯಿತು. ಬಿದ್ದ ಚೆಂಡನ್ನು ಬಿದ್ದ ಹಾಗೆಯೇ ಆಡಬೇಕೆಂಬ ನಿಯಮವನ್ನು ಆತ ಬಾಳಿಗೂ ಅನ್ವಯಿಸಿಕೊಂಡಂತೆ, ಗೊಣಗದೆ ಅದನ್ನು ಸಹಿಸಿದ. ೧೯೫೮ರಲ್ಲಿ ಸೇಂಟ್ ಆಂಡ್ರೂಸ್ ಅವನಿಗೆ ತನ್ನ ಪೌರ ಸನ್ಮಾನವನ್ನು ನೀಡಿತು. ಬೆಂಜಮಿನ್ ಫ್ರಾಂಕ್ಲಿನ್ನನ ತರುವಾಯ ಆ ಗೌರವ ಪಡೆದ ಮೊದಲ ಅಮೆರಿಕನ್ ಅವನೇ. ೧೯೭೧ರ ಡಿಸೆಂಬರ್ ೧೮ರಂದು ಆತ ತೀರಿಕೊಂಡ.

ಇನ್ನು ನನ್ನ ಅರಿಕೆ. ಕಳೆದ ವರ್ಷದ ಅಂತರ ತರಗತಿ ಬಾಲ್ ಬ್ಯಾಡ್ಮಿಂಟನ್ ಪಂದ್ಯದ ಕೊನೆಯ ಘಟ್ಟದಲ್ಲಿ ಚೆಂಡೊಂದು ನನ್ನ ಬ್ಯಾಟಿನ ಅಂಚನ್ನು ಸವರಿಕೊಂಡು ಗೆರೆಯಾಚೆ ಬಿದ್ದಿತು. ಅಂಪೈರರಿಗೆ ಅದು ತಿಳಿಯಲಿಲ್ಲ; ಪಾಯಿಂಟು ನಮಗೆ ಬಂತು. ನಾನು ಸುಮ್ಮನಿದ್ದೆ. ಗೆದ್ದೆವು, ಬಟ್ಟಲನ್ನೂ ಪಡೆದೆವು. ೧೯೨೫ರ ಕಥೆಯನ್ನು ಓದಿದಾಗ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಆ ದಿನ ಎದುರಿಗೆ ಆಡಿದ ಮಿತ್ರರು ಈ ಸಂಚಿಕೆಯನ್ನು ಓದುತ್ತಾರೆಂದು ಬಲ್ಲೆ. ಆ ಪಾಯಿಂಟು ನಿಮ್ಮದು. ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸಿರಿ.